ಕಟಕಟೆಯಲ್ಲಿ ಜೀವವಿಕಾಸ

ಜೀವವಿಕಾಸ ವೈಜ್ಞಾನಿಕ ಸಿದ್ಧಾಂತವೇ ಎಂಬ ಪ್ರಶ್ನೆಗೆ ಒಂದೂವರೆ ಶತಮಾನ ಮೀರಿದ ಚರಿತ್ರೆಯಿದೆ. ಅದರ ವಿಚಾರಣೆ ಎರಡು ಕಡೆ ನಡೆದಿದೆ. ಒಂದು, ಬಂಡೆ, ಹೂವು, ಮೂಳೆ, ಬ್ಯಾಕ್ಟೀರಿಯಾಗಳ ನಡುವೆ ಕೆಲಸ ಮಾಡುವ ವಿಜ್ಞಾನಿಗಳ ವಲಯದಲ್ಲಿ. ಇನ್ನೊಂದು, ಅಮೆರಿಕದ ನ್ಯಾಯಾಲಯಗಳಲ್ಲಿ. ಎರಡನೆಯದರ ಗದ್ದಲವೇ ಜನರ ನೆನಪಿನಲ್ಲಿ ಹೆಚ್ಚು ಉಳಿದಿದೆ. ಆದರೆ ಸಿದ್ಧಾಂತ ನಿಜವಾಗಿ ಕುತ್ತಿಗೆಯ ಮಟ್ಟ ಮುಳುಗಿ ಎದ್ದದ್ದು ಮೊದಲನೆಯ ಕಡೆ. ಅದು ವಿಜ್ಞಾನ ಎನ್ನುವುದಕ್ಕೆ ಸಾಕ್ಷಿಯೂ ಅಲ್ಲೇ ಸಿಗುತ್ತದೆ.

ಚಾರ್ಲ್ಸ್ ಡಾರ್ವಿನ್ ಮತ್ತು ಆಲ್ಫ್ರೆಡ್ ರಸೆಲ್ ವಾಲೆಸ್ ಅವರ ಬರಹಗಳನ್ನು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಓದಿದ್ದು 1858ರ ಜುಲೈ 1ರಂದು. ಮರುವರ್ಷ ನವೆಂಬರಿನಲ್ಲಿ ಡಾರ್ವಿನ್ನನ ‘ಜೀವಿಜಾತಿಗಳ ಉಗಮ’ ಹೊರಬಂತು. ಮೊದಲ ಮುದ್ರಣ 1,250 ಪ್ರತಿ. ಪುಸ್ತಕದಲ್ಲಿದ್ದ ಮುಖ್ಯ ಮಾತುಗಳು ಎರಡು. ಎಲ್ಲ ಜೀವಿಗಳೂ ಒಂದೋ ಕೆಲವೋ ಮೂಲಗಳಿಂದ ಕವಲೊಡೆದು ಬಂದವು ಎಂಬುದು ಮೊದಲನೆಯದು. ಈ ಬದಲಾವಣೆಯನ್ನು ನಡೆಸುವ ಮುಖ್ಯ ಶಕ್ತಿ ನಿಸರ್ಗದ ಆಯ್ಕೆ ಎಂಬುದು ಎರಡನೆಯದು. ಮೊದಲ ಮಾತನ್ನು ಬಹುಪಾಲು ಜೀವವಿಜ್ಞಾನಿಗಳು ಹತ್ತಿಪ್ಪತ್ತು ವರ್ಷಗಳಲ್ಲಿ ಒಪ್ಪಿದರು. ಎರಡನೆಯದನ್ನು ಒಪ್ಪುವುದಕ್ಕೆ ಹೆಚ್ಚುಕಡಿಮೆ ಎಂಬತ್ತು ವರ್ಷ ಹಿಡಿಯಿತು.

ಪುಸ್ತಕದಲ್ಲಿ ತನ್ನ ವಾದದ ತೊಡಕುಗಳಿಗೇ ಮೀಸಲಾದ ಒಂದು ಅಧ್ಯಾಯವಿದೆ. ಸಣ್ಣ ಸಣ್ಣ ಮಾರ್ಪಾಟುಗಳ ಸರಣಿಯಿಂದ ರೂಪುಗೊಂಡಿರಲು ಸಾಧ್ಯವೇ ಇಲ್ಲದ ಒಂದೇ ಒಂದು ಅಂಗವನ್ನು ಯಾರಾದರೂ ತೋರಿಸಿದರೆ ತನ್ನ ಸಿದ್ಧಾಂತ ಕುಸಿಯುತ್ತದೆ ಎಂದು ಡಾರ್ವಿನ್ ಅಲ್ಲಿ ಒಪ್ಪಿಕೊಂಡಿದ್ದಾನೆ. ವಾದಿಯೇ ಎದುರಾಳಿಯ ಕೈಗೆ ಆಯುಧ ಕೊಟ್ಟಂತಿದ್ದ ಈ ಮಾತನ್ನು ವಿರೋಧಿಗಳು ಮುಂದೆ ಬಳಸಿಕೊಳ್ಳದೆ ಬಿಡಲಿಲ್ಲ.

ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಭೌತವಿಜ್ಞಾನದಿಂದ. ನಿಸರ್ಗದ ಆಯ್ಕೆ ನಿಧಾನದ ಕೆಲಸ, ಅದಕ್ಕೆ ಅಪಾರ ಕಾಲ ಬೇಕು. ದಕ್ಷಿಣ ಇಂಗ್ಲೆಂಡಿನ ವೀಲ್ಡ್ ಕಣಿವೆ ಸವೆಯುವುದಕ್ಕೆ 30 ಕೋಟಿ ವರ್ಷ ಬೇಕಾಗಿರಬೇಕು ಎಂದು ಡಾರ್ವಿನ್ ಮೊದಲ ಆವೃತ್ತಿಯಲ್ಲಿ ಲೆಕ್ಕ ಹಾಕಿದ್ದ. ಭೂವಿಜ್ಞಾನಿಗಳ ಟೀಕೆ ಬಂದಮೇಲೆ 1861ರ ಮೂರನೆಯ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದ. ಅದರ ಮರುವರ್ಷವೇ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವನು, ಕಾದು ಕರಗಿದ್ದ ಭೂಮಿ ಈಗಿನ ಮಟ್ಟಕ್ಕೆ ತಣಿಯಲು ಎಷ್ಟು ಕಾಲ ಬೇಕೆಂದು ಗಣಿಸಿ 2 ಕೋಟಿಯಿಂದ 40 ಕೋಟಿ ವರ್ಷ ಎಂದ. ವರ್ಷ ಕಳೆದಂತೆ ಆ ಮಿತಿಯನ್ನು ಬಿಗಿ ಮಾಡುತ್ತ ಬಂದು 1897ರ ಹೊತ್ತಿಗೆ 2ರಿಂದ 4 ಕೋಟಿಗೆ ಇಳಿಸಿದ. ಆ ಕಾಲದ ಅತಿ ಗೌರವಾನ್ವಿತ ಭೌತವಿಜ್ಞಾನಿಯ ಗಣಿತಕ್ಕೆ ಎದುರು ನಿಲ್ಲುವ ಉತ್ತರ ಡಾರ್ವಿನ್ ಬಳಿ ಇರಲಿಲ್ಲ.

ಉತ್ತರ ಬಂದದ್ದೂ ಭೌತವಿಜ್ಞಾನದಿಂದಲೇ. ಭೂಗರ್ಭದೊಳಗೆ ಶಾಖ ಕೆಲ್ವಿನ್ ಎಣಿಸಿದ್ದಕ್ಕಿಂತ ಸುಲಭವಾಗಿ ಸಾಗುವುದಾದರೆ ಲೆಕ್ಕವೇ ಬುಡಮೇಲಾಗುತ್ತದೆ ಎಂದು ಅವನ ಹಳೆಯ ಸಹಾಯಕ ಜಾನ್ ಪೆರ್ರಿ 1895ರಲ್ಲಿ ತೋರಿಸಿದ. ಮರುವರ್ಷ ಹೆನ್ರಿ ಬೆಕ್ವೆರೆಲ್ ವಿಕಿರಣಶೀಲತೆಯನ್ನು ಕಂಡುಹಿಡಿದ. ಬಂಡೆಯ ವಯಸ್ಸನ್ನು ಬಂಡೆಯಿಂದಲೇ ಓದುವ ಗಡಿಯಾರ ಅದರಿಂದ ಸಿಕ್ಕಿತು. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು ಪ್ರಕಟಿಸಿದಾಗ ಕಾಲದ ಜಗಳ ಮುಗಿದೇಹೋಯಿತು. ಅದು ಬೇರೆ ರೀತಿಯಲ್ಲಿ ಮುಗಿಯಬಹುದಿತ್ತು ಎನ್ನುವುದೇ ಇಲ್ಲಿ ಮುಖ್ಯ. ಭೂಮಿಗೆ ನಿಜವಾಗಿ 2 ಕೋಟಿ ವರ್ಷವಷ್ಟೇ ಆಗಿದ್ದರೆ ನಿಸರ್ಗದ ಆಯ್ಕೆಯ ವಾದ ಇಂದು ಗ್ರಂಥಾಲಯದ ಧೂಳಿನಲ್ಲಿರುತ್ತಿತ್ತು.

ಎರಡನೆಯ ಪೆಟ್ಟು ಇನ್ನೂ ಒಳಗಿನದು. 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರ್ ಒಂದು ವಿಮರ್ಶೆ ಬರೆದ. ತಂದೆತಾಯಿಗಳ ಗುಣಗಳು ಮಕ್ಕಳಲ್ಲಿ ಬೆರೆತುಹೋಗುತ್ತವೆ ಎಂಬುದು ಅಂದಿನ ಎಲ್ಲರ ನಂಬಿಕೆ, ಡಾರ್ವಿನ್ನನದೂ ಹೌದು. ಹಾಗಾದರೆ ಒಂದು ಜೀವಿಯಲ್ಲಿ ಹುಟ್ಟಿದ ಒಳ್ಳೆಯ ಗುಣ ಮಗುವಿನಲ್ಲಿ ಅರ್ಧ, ಮೊಮ್ಮಗುವಿನಲ್ಲಿ ಕಾಲು ಎಂದು ಕರಗುತ್ತ, ಕೊಡ ನೀರಿಗೆ ಬಿದ್ದ ಹಾಲಿನ ಹನಿಯಂತೆ ಕಾಣದಾಗಬೇಕಲ್ಲ? ಆಯ್ಕೆಗೆ ಉಳಿಯುವುದಾದರೂ ಏನು? ಜೆಂಕಿನ್ ಕೇಳಿದ್ದು ಸರಿಯಾದ ಪ್ರಶ್ನೆಯೇ. ಅದಕ್ಕೆ ಉತ್ತರ ಅಷ್ಟರಲ್ಲೇ ಸಿದ್ಧವಾಗಿತ್ತು. ಬ್ರನೋ ಪಟ್ಟಣದ ಸಂನ್ಯಾಸಿ ಗ್ರೆಗೊರ್ ಮೆಂಡಲ್ ಬಟಾಣಿ ಗಿಡಗಳ ಪ್ರಯೋಗವನ್ನು 1866ರಲ್ಲಿ ಪ್ರಕಟಿಸಿ, ಗುಣಗಳು ಕರಗುವುದಿಲ್ಲ, ಬಿಡಿ ಘಟಕಗಳಾಗಿ ಪೀಳಿಗೆಯಿಂದ ಪೀಳಿಗೆಗೆ ದಾಟುತ್ತವೆ ಎಂದು ತೋರಿಸಿದ್ದ. ಯಾರೂ ಅದನ್ನು ಗಮನಿಸಲಿಲ್ಲ. ಡಾರ್ವಿನ್ 1882ರಲ್ಲಿ ತೀರಿಕೊಂಡ. ಮೆಂಡಲ್‌ನ ಕೆಲಸ ಮತ್ತೆ ಬೆಳಕಿಗೆ ಬಂದದ್ದು 1900ರಲ್ಲಿ.

ವಿಚಿತ್ರವೆಂದರೆ, ಮೆಂಡಲ್‌ನನ್ನು ಮೊದಲು ಎತ್ತಿ ಹಿಡಿದವರಲ್ಲಿ ಹಲವರು ಡಾರ್ವಿನ್ನನ ಆಯ್ಕೆಯನ್ನು ಕೈಬಿಟ್ಟರು. ಹೊಸ ಜಾತಿಗಳು ಒಮ್ಮೆಲೇ ಜಿಗಿತದಲ್ಲಿ ಹುಟ್ಟುತ್ತವೆ ಎಂಬುದು ಅವರ ಅಭಿಪ್ರಾಯ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಯ್ಕೆಯ ವಾದಕ್ಕೆ ಗ್ರಹಣ ಹಿಡಿದಿತ್ತು. ಎರಡನ್ನೂ ಹೊಂದಿಸಿದವರು ಆರ್. ಎ. ಫಿಷರ್, ಜೆ. ಬಿ. ಎಸ್. ಹಾಲ್ಡೇನ್ ಮತ್ತು ಸೀವಾಲ್ ರೈಟ್. ಮೆಂಡಲ್‌ನ ಘಟಕಗಳ ಮೇಲೆ ಅತಿ ಸಣ್ಣ ಆಯ್ಕೆ ಕೂಡ ಸಾಕಷ್ಟು ಪೀಳಿಗೆಗಳಲ್ಲಿ ದೊಡ್ಡ ಬದಲಾವಣೆ ತರುತ್ತದೆ ಎಂದು ಅವರು ಗಣಿತದಿಂದ ತೋರಿಸಿದರು. 1937ರಲ್ಲಿ ಥಿಯೊಡೋಸಿಯಸ್ ಡಾಬ್ಜಾನ್ಸ್ಕಿ ಆ ಗಣಿತವನ್ನು ಕಾಡಿನ ನೊಣಗಳ ಅಧ್ಯಯನಕ್ಕೆ ಜೋಡಿಸಿದ. ಇಂದು ಪಠ್ಯಗಳಲ್ಲಿರುವ ಜೀವವಿಕಾಸ ಇದು. 1859ರ ಪುಸ್ತಕವೇ ಪ್ರಮಾಣ ಎಂದುಕೊಂಡು ಅದರ ತಪ್ಪುಗಳನ್ನು ಎತ್ತಿ ಆಡುವವರು ನಡುವಿನ ಈ ಅಧ್ಯಾಯವನ್ನು ಓದಿರುವುದಿಲ್ಲ.

ಸೋಲಿನ ಅಂಚಿನ ಕತೆಗಳ ಜೊತೆಗೆ ಗೆಲುವಿನ ಕತೆಯೂ ಒಂದಿದೆ. 1862ರಲ್ಲಿ ಮಡಗಾಸ್ಕರಿನ ಒಂದು ಆರ್ಕಿಡ್ ಹೂವು ಡಾರ್ವಿನ್ ಕೈಸೇರಿತು. ನಕ್ಷತ್ರದಾಕಾರದ ಆ ಬಿಳಿ ಹೂವಿನ ಹಿಂದೆ ಸುಮಾರು ಒಂದಡಿ ಉದ್ದದ ಕೊಳವೆ, ಅದರ ತಳದ ಒಂದೂವರೆ ಅಂಗುಲದಲ್ಲಿ ಮಾತ್ರ ಮಕರಂದ. ಅಷ್ಟುದ್ದದ ನಾಲಗೆಯಿರುವ ಪತಂಗವೊಂದು ಮಡಗಾಸ್ಕರಿನಲ್ಲಿ ಇರಲೇಬೇಕು ಎಂದು ಡಾರ್ವಿನ್ ಬರೆದ. ಕೀಟತಜ್ಞರಲ್ಲಿ ಕೆಲವರು ನಕ್ಕರು. ಹುಡುಕಿದರೆ ಸಿಕ್ಕೀತು ಎಂದು 1867ರಲ್ಲಿ ವಾಲೆಸ್ ದನಿಗೂಡಿಸಿದ. ಅಂಥ ಪತಂಗವನ್ನು 1903ರಲ್ಲಿ ರಾಥ್‌ಚೈಲ್ಡ್ ಮತ್ತು ಜೋರ್ಡಾನ್ ವರ್ಣಿಸಿ, ಮೊದಲೇ ಹೇಳಲ್ಪಟ್ಟದ್ದು ಎಂಬರ್ಥ ಬರುವಂತೆ ‘ಪ್ರೆಡಿಕ್ಟಾ’ ಎಂದು ಹೆಸರಿಟ್ಟರು. ಡಾರ್ವಿನ್ ಸತ್ತು ಆಗಲೇ ಇಪ್ಪತ್ತೊಂದು ವರ್ಷವಾಗಿತ್ತು.

ಇಷ್ಟರಲ್ಲಿ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಮನುಷ್ಯನನ್ನು ಕೆಳಮಟ್ಟದ ಪ್ರಾಣಿಗಳಿಂದ ಬಂದವನೆಂದು ಸರಕಾರಿ ಶಾಲೆಗಳಲ್ಲಿ ಕಲಿಸುವುದನ್ನು ನಿಷೇಧಿಸುವ ಬಟ್ಲರ್ ಕಾಯ್ದೆ 1925ರ ಮಾರ್ಚಿನಲ್ಲಿ ಅಮೆರಿಕದ ಟೆನೆಸೀ ರಾಜ್ಯದಲ್ಲಿ ಜಾರಿಗೆ ಬಂತು. ಕಾಯ್ದೆಯನ್ನು ಪ್ರಶ್ನಿಸಲು ಮುಂದೆ ಬರುವ ಶಿಕ್ಷಕರಿಗೆ ನೆರವು ಕೊಡುವುದಾಗಿ ಒಂದು ನಾಗರಿಕ ಹಕ್ಕುಗಳ ಸಂಸ್ಥೆ ಪ್ರಕಟಣೆ ಕೊಟ್ಟಿತು. ಡೇಟನ್ ಎಂಬ ಸಣ್ಣ ಊರಿನ ಪ್ರಮುಖರು ಇದನ್ನು ಕಂಡು, ಮೊಕದ್ದಮೆ ತಮ್ಮಲ್ಲೇ ನಡೆದರೆ ಊರಿಗೆ ಹೆಸರು, ವ್ಯಾಪಾರ ಎರಡೂ ಬರುತ್ತವೆಂದು ಲೆಕ್ಕ ಹಾಕಿದರು. ಮಾತುಕತೆ ನಡೆದದ್ದು ರಾಬಿನ್ಸನ್ ಎಂಬವನ ಔಷಧ ಅಂಗಡಿಯಲ್ಲಿ. ಅವನೇ ಶಾಲಾ ಮಂಡಳಿಯ ಅಧ್ಯಕ್ಷ. ಜೀವವಿಕಾಸದ ಪಾಠವಿದ್ದ ಜಾರ್ಜ್ ಹಂಟರನ ಪಠ್ಯಪುಸ್ತಕ ಮಾರಾಟವಾಗುತ್ತಿದ್ದದ್ದೂ ಅದೇ ಅಂಗಡಿಯಲ್ಲಿ. ಟೆನಿಸ್ ಆಡುತ್ತಿದ್ದ ಇಪ್ಪತ್ತನಾಲ್ಕು ವರ್ಷದ ಶಿಕ್ಷಕ ಜಾನ್ ಸ್ಕೋಪ್ಸ್‌ನನ್ನು ಕರೆಸಿ ಒಪ್ಪಿಸಿದರು. ತಾನು ಆ ಪಾಠವನ್ನು ನಿಜಕ್ಕೂ ಮಾಡಿದ್ದೆನೋ ಇಲ್ಲವೋ ಎಂಬುದು ಸ್ಕೋಪ್ಸ್‌ಗೇ ಖಚಿತವಿರಲಿಲ್ಲ.

ಜುಲೈ 10ರಿಂದ 21ರವರೆಗೆ ನಡೆದ ವಿಚಾರಣೆ ರೇಡಿಯೊದಲ್ಲಿ ನೇರ ಪ್ರಸಾರವಾಯಿತು. ಪ್ರಾಸಿಕ್ಯೂಷನ್ ಕಡೆ ಮೂರು ಬಾರಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್, ಸ್ಕೋಪ್ಸ್ ಕಡೆ ಹೆಸರಾಂತ ವಕೀಲ ಕ್ಲಾರೆನ್ಸ್ ಡ್ಯಾರೋ. ಸೆಕೆಗೆ ಹೆದರಿ ನ್ಯಾಯಾಲಯ ಒಂದು ದಿನ ಹೊರಗಿನ ಹುಲ್ಲುಹಾಸಿಗೆ ಬಂತು. ಡ್ಯಾರೋ ಅಲ್ಲೇ ಬ್ರಯಾನ್‌ನನ್ನು ಸಾಕ್ಷಿ ಕಟ್ಟೆಗೆ ಕರೆದು ಬೈಬಲಿನ ಬಗ್ಗೆ ಪಾಟೀಸವಾಲು ಮಾಡಿದ. ನಾಟಕಕ್ಕೂ ಸಿನಿಮಾಕ್ಕೂ ವಸ್ತುವಾದ ದೃಶ್ಯ ಅದು. ಆದರೆ ಜೀವವಿಕಾಸ ವಿಜ್ಞಾನವೇ ಎಂಬ ಪ್ರಶ್ನೆ ಮಾತ್ರ ಡೇಟನ್ನಿನಲ್ಲಿ ವಿಚಾರಣೆಗೇ ಬರಲಿಲ್ಲ. ಹಲವು ವಿಜ್ಞಾನಿಗಳು ಸಾಕ್ಷ್ಯ ಹೇಳಲು ಬಂದಿದ್ದರೂ ನ್ಯಾಯಾಧೀಶ ರೌಲ್ಸ್ಟನ್ ಒಬ್ಬ ಪ್ರಾಣಿವಿಜ್ಞಾನಿಯ ಮಾತನ್ನಷ್ಟೇ, ಅದೂ ಜ್ಯೂರಿಯನ್ನು ಹೊರಗೆ ಕಳಿಸಿ, ಕೇಳಿದ. ಉಳಿದವರದು ಬರಹದಲ್ಲಿ ಕಡತ ಸೇರಿತು. ಜ್ಯೂರಿ ಒಂಬತ್ತು ನಿಮಿಷದಲ್ಲಿ ತಪ್ಪಿತಸ್ಥನೆಂದಿತು. ದಂಡ 100 ಡಾಲರ್. 50 ಡಾಲರಿಗಿಂತ ಹೆಚ್ಚಿನ ದಂಡವನ್ನು ಜ್ಯೂರಿ ನಿಗದಿ ಮಾಡಬೇಕಿತ್ತು, ನ್ಯಾಯಾಧೀಶನಲ್ಲ ಎಂಬ ತಾಂತ್ರಿಕ ಕಾರಣಕ್ಕೆ 1927ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ರದ್ದುಮಾಡಿತು. ಕಾಯ್ದೆ ಮಾತ್ರ 1967ರವರೆಗೆ ಬದುಕಿತ್ತು.

ಹಂಟರನ ಪುಸ್ತಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ ಜನಾಂಗಗಳಿಗೆ ಮೇಲುಕೀಳು ಕಟ್ಟಿದ ಪುಟಗಳೂ ‘ಅಯೋಗ್ಯ’ ಕುಟುಂಬಗಳ ಸಂತಾನ ತಡೆಯಬೇಕೆಂಬ ವಾದವೂ ಇದ್ದವು. ಬ್ರಯಾನ್‌ನಂಥವರ ವಿರೋಧಕ್ಕೆ ಧರ್ಮಶ್ರದ್ಧೆಯೊಂದೇ ಕಾರಣವಾಗಿರಲಿಲ್ಲ. ಬಲಶಾಲಿಯೇ ಬದುಕಲಿ ಎಂಬ ಸಾಮಾಜಿಕ ನೀತಿಗೆ ಡಾರ್ವಿನ್ ಹೆಸರು ಬಳಕೆಯಾಗುತ್ತಿದ್ದುದೂ ಅವರನ್ನು ಕೆರಳಿಸಿತ್ತು. ಆ ಭೀತಿಗೆ ಆಧಾರವಿತ್ತು. ಆದರೆ ಒಂದು ಸಿದ್ಧಾಂತವನ್ನು ಯಾರು ದುರುಪಯೋಗ ಮಾಡಿದರು ಎಂಬುದರಿಂದ ಅದು ನಿಜವೋ ಸುಳ್ಳೋ ತೀರ್ಮಾನವಾಗುವುದಿಲ್ಲ.

ಡೇಟನ್ ನಂತರ ಅಮೆರಿಕದ ಶಾಲಾ ಪುಸ್ತಕಗಳಲ್ಲಿ ಜೀವವಿಕಾಸ ಸದ್ದಿಲ್ಲದೆ ಸೊರಗಿತು. ಪ್ರಕಾಶಕರಿಗೆ ಜಗಳ ಬೇಕಿರಲಿಲ್ಲ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ವಿಜ್ಞಾನ ಶಿಕ್ಷಣದಲ್ಲಿ ಹಿಂದೆ ಬಿದ್ದೆವೆಂಬ ಗಾಬರಿ ಹುಟ್ಟಿ, ಸರಕಾರದ ಹಣದಿಂದ ಹೊಸ ಜೀವವಿಜ್ಞಾನ ಪಠ್ಯಗಳು ತಯಾರಾದವು. ಅವುಗಳಲ್ಲಿ ಜೀವವಿಕಾಸ ನಡುಮನೆಗೆ ಬಂತು. 1968ರಲ್ಲಿ ಶಿಕ್ಷಕಿ ಸೂಸನ್ ಎಪ್ಪರ್ಸನ್ ಹೂಡಿದ ದಾವೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆರ್ಕನ್ಸಾ ರಾಜ್ಯದ ನಿಷೇಧವನ್ನು ಕಿತ್ತುಹಾಕಿತು. ಸರಕಾರ ಒಂದು ಧರ್ಮದ ಪರ ನಿಲ್ಲುವಂತಿಲ್ಲ ಎಂಬುದು ತೀರ್ಪಿನ ತಳಹದಿ. ವಿಜ್ಞಾನ ಯಾವುದು ಎಂಬುದರ ತಂಟೆಗೆ ಆ ನ್ಯಾಯಾಲಯವೂ ಹೋಗಲಿಲ್ಲ.

ಆ ತಂಟೆಗೆ ಹೋದವನು ಒಬ್ಬ ತತ್ವಜ್ಞಾನಿ. ಯಾವ ವಾದವನ್ನು ಸುಳ್ಳೆಂದು ತೋರಿಸುವ ಪರೀಕ್ಷೆ ಸಾಧ್ಯವೋ ಅದೇ ವಿಜ್ಞಾನ ಎಂದು 1934ರಲ್ಲೇ ಬರೆದಿದ್ದ ಕಾರ್ಲ್ ಪಾಪರ್, 1974ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ ಡಾರ್ವಿನ್‌ವಾದ ಪರೀಕ್ಷೆಗೆ ಸಿಗುವ ಸಿದ್ಧಾಂತವಲ್ಲ, ಸಂಶೋಧನೆಗೆ ದಾರಿ ತೋರುವ ಒಂದು ತಾತ್ವಿಕ ಕಾರ್ಯಕ್ರಮ ಎಂದ. ಜೀವಿಗಳನ್ನು ದೇವರೇ ಸೃಷ್ಟಿಸಿದ ಎನ್ನುವ ಸೃಷ್ಟಿವಾದಿಗಳಿಗೆ ಇದಕ್ಕಿಂತ ಬೇಕಾದದ್ದೇನು? ಇಂದಿಗೂ ಈ ಮಾತನ್ನು ಅವರು ಹೇಳುತ್ತಾರೆ. ಮುಂದಿನದನ್ನು ಹೇಳುವುದಿಲ್ಲ. 1977ರಲ್ಲಿ ಕೇಂಬ್ರಿಜ್‌ನ ಡಾರ್ವಿನ್ ಕಾಲೇಜಿನಲ್ಲಿ ಕೊಟ್ಟ ಉಪನ್ಯಾಸದಲ್ಲಿ ಪಾಪರ್ ತನ್ನ ನಿಲುವನ್ನು ಹಿಂತೆಗೆದುಕೊಂಡು, ನಿಸರ್ಗದ ಆಯ್ಕೆಯನ್ನು ಪರೀಕ್ಷೆಗೆ ಒಡ್ಡಬಹುದು ಎಂದು ಒಪ್ಪಿದ. ಜೀವವಿಕಾಸವನ್ನು ಸುಳ್ಳು ಮಾಡುವ ಸಾಕ್ಷ್ಯ ಯಾವುದಿರಬಹುದು ಎಂಬ ಪ್ರಶ್ನೆಗೆ ಹಾಲ್ಡೇನ್ ಕೊಟ್ಟನೆನ್ನಲಾದ ಉತ್ತರ ಇನ್ನೂ ಸರಳ: ಕೇಂಬ್ರಿಯನ್ ಪೂರ್ವ ಯುಗದ ಬಂಡೆಯಲ್ಲಿ ಒಂದು ಮೊಲದ ಪಳೆಯುಳಿಕೆ ಸಿಗಲಿ.

ನಿಷೇಧದ ದಾರಿ ಮುಚ್ಚಿದ್ದರಿಂದ ವಿರೋಧಿಗಳು ದಾರಿ ಬದಲಿಸಿದರು. ಬೈಬಲಿನ ಸೃಷ್ಟಿಕತೆಯನ್ನೇ ‘ಸೃಷ್ಟಿ ವಿಜ್ಞಾನ’ ಎಂದು ಕರೆದು, ಜೀವವಿಕಾಸಕ್ಕೆ ಕೊಟ್ಟಷ್ಟೇ ಸಮಯವನ್ನು ಅದಕ್ಕೂ ಕೊಡಬೇಕೆಂಬ ಕಾಯ್ದೆ 1981ರಲ್ಲಿ ಆರ್ಕನ್ಸಾದಲ್ಲಿ ಬಂತು. ಅದರ ವಿರುದ್ಧ ಮೊದಲು ನ್ಯಾಯಾಲಯಕ್ಕೆ ಹೋದವರಲ್ಲಿ ಬಿಷಪ್ಪರು, ಪಾದ್ರಿಗಳೇ ಹೆಚ್ಚಾಗಿದ್ದರು. ಧರ್ಮಕ್ಕೂ ವಿಜ್ಞಾನಕ್ಕೂ ನಡೆದ ಕದನ ಎಂದು ಇದನ್ನು ಸರಳ ಮಾಡುವವರು ಗಮನಿಸಬೇಕಾದ ಸಂಗತಿ ಇದು. 1982ರ ಜನವರಿ 5ರಂದು ನ್ಯಾಯಾಧೀಶ ವಿಲಿಯಂ ಓವರ್ಟನ್ ಕೊಟ್ಟ ತೀರ್ಪಿನಲ್ಲಿ ಮೊದಲ ಬಾರಿಗೆ ವಿಜ್ಞಾನದ ಲಕ್ಷಣಗಳ ಪಟ್ಟಿ ಬಂತು. ವಿಜ್ಞಾನ ನಿಸರ್ಗ ನಿಯಮಗಳಿಗೆ ಬದ್ಧವಾಗಿ ನಡೆದು ಅವುಗಳಿಂದಲೇ ವಿವರಣೆ ಕೊಡುತ್ತದೆ, ಪರೀಕ್ಷೆಗೆ ಸಿಗುತ್ತದೆ, ತನ್ನ ತೀರ್ಮಾನಗಳನ್ನು ತಾತ್ಕಾಲಿಕವೆಂದು ಬಗೆಯುತ್ತದೆ, ಸುಳ್ಳಾಗುವ ಸಾಧ್ಯತೆಗೆ ತೆರೆದಿರುತ್ತದೆ. ಸೃಷ್ಟಿ ವಿಜ್ಞಾನಕ್ಕೆ ಇವು ಇಲ್ಲವೆಂದು ಕಾಯ್ದೆ ಬಿದ್ದುಹೋಯಿತು.

ತೀರ್ಪನ್ನು ಎಲ್ಲರೂ ಮೆಚ್ಚಲಿಲ್ಲ. ವಿಜ್ಞಾನದ ತತ್ವಜ್ಞಾನಿ ಲ್ಯಾರಿ ಲೌಡನ್ ಆಕ್ಷೇಪ ಎತ್ತಿದ: ಭೂಮಿಯ ವಯಸ್ಸು ಹತ್ತು ಸಾವಿರ ವರ್ಷದೊಳಗೆ, ಇಡೀ ಭೂಮಿಯನ್ನು ಜಲಪ್ರಳಯ ಮುಳುಗಿಸಿತ್ತು ಎಂಬ ಮಾತುಗಳು ಪರೀಕ್ಷೆಗೆ ಸಿಗುವಂಥವೇ, ಪರೀಕ್ಷೆಯಾಗಿ ಅವು ಸೋತಿವೆ. ಹಾಗಿರುವಾಗ ಪರೀಕ್ಷಿಸಲಾಗದ್ದು ಎನ್ನುವ ಬದಲು ಸುಳ್ಳು ಎನ್ನಬೇಕಿತ್ತು. ಲೌಡನ್ ಹೇಳಿದ್ದರಲ್ಲಿ ತೂಕವಿದೆ. ವಿಜ್ಞಾನದ ಸುತ್ತ ಗೆರೆ ಎಳೆಯುವುದು ತತ್ವಜ್ಞಾನಿಗಳಿಗೂ ಕಷ್ಟ, ನ್ಯಾಯಾಧೀಶರಿಗಂತೂ ಇನ್ನೂ ಕಷ್ಟ. ಆರ್ಕನ್ಸಾದ ಕಾಯ್ದೆಯಂಥದೇ ಲೂಸಿಯಾನಾ ಕಾಯ್ದೆಯನ್ನು 1987ರಲ್ಲಿ ಸುಪ್ರೀಂ ಕೋರ್ಟ್ ಏಳು-ಎರಡು ಬಹುಮತದಿಂದ ರದ್ದು ಮಾಡಿತು.

ಗೆರೆ ಎಳೆಯುವ ಕಷ್ಟ ಏನೇ ಇರಲಿ, ಸಿದ್ಧಾಂತ ಕೆಲಸ ಮಾಡುವ ರೀತಿಯನ್ನು ಹತ್ತಿರದಿಂದ ನೋಡಲು ತಿಮಿಂಗಿಲದ ಕಾಲು ಒಳ್ಳೆಯ ಉದಾಹರಣೆ. ನೆಲದ ಸಸ್ತನಿಗಳಿಂದ ತಿಮಿಂಗಿಲ ಬಂತೆಂಬುದರಲ್ಲಿ ತಕರಾರಿರಲಿಲ್ಲ. ಯಾವ ಸಸ್ತನಿಯಿಂದ? ಹಲ್ಲುಗಳ ಹೋಲಿಕೆ ನೋಡಿದ ಫಿಲಿಪ್ ಜಿಂಜೆರಿಕ್‌ನಂಥ ಪಳೆಯುಳಿಕೆ ತಜ್ಞರು, ಅಳಿದುಹೋದ ಮೆಸೊನಿಕಿಡ್ ಎಂಬ ಮಾಂಸಾಹಾರಿಗಳ ಕಡೆ ಬೆರಳು ತೋರಿಸುತ್ತಿದ್ದರು. 1990ರ ದಶಕದ ಡಿಎನ್‌ಎ ಅಧ್ಯಯನಗಳು ಬೇರೆಯದೇ ಹೇಳಿದವು: ತಿಮಿಂಗಿಲದ ಹತ್ತಿರದ ನೆಂಟ ನೀರಾನೆ. ಅದು ನಿಜವಾದರೆ ಹಸು, ಜಿಂಕೆ, ಹಂದಿ, ನೀರಾನೆಗಳ ಗುಂಪಿನ ಗುರುತಾದ ಎರಡು ರಾಟೆಯಾಕಾರದ ಹರಡಿನ ಮೂಳೆ ಹಳೆಯ ತಿಮಿಂಗಿಲಗಳ ಕಾಲಿನಲ್ಲೂ ಇರಬೇಕು. ಪಾಕಿಸ್ತಾನದ ಬಂಡೆಗಳಲ್ಲಿ ಕೊನೆಗೂ ಆ ಮೂಳೆಗಳು ಸಿಕ್ಕವು. ಜಿಂಜೆರಿಕ್ ತಂಡವೂ ಹಾನ್ಸ್ ಥೆವಿಸೆನ್ ತಂಡವೂ 2001ರ ಸೆಪ್ಟೆಂಬರಿನಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದ ಮೂಳೆಗಳಲ್ಲಿ ಎರಡು ರಾಟೆ ಸ್ಪಷ್ಟವಾಗಿದ್ದವು. ಜಿಂಜೆರಿಕ್ ತನ್ನ ಹಳೆಯ ಅಭಿಪ್ರಾಯವನ್ನು ಕೈಬಿಟ್ಟ. 2007ರಲ್ಲಿ ಇನ್ನೊಂದು ಕೊಂಡಿ ಜಮ್ಮು-ಕಾಶ್ಮೀರದ ಕಾಲಾಕೋಟ್ ಬಂಡೆಗಳಿಂದ ಬಂತು. ಭಾರತೀಯ ಭೂವಿಜ್ಞಾನಿ ಎ. ರಂಗರಾವ್ ಹಿಂದೆಂದೋ ಸಂಗ್ರಹಿಸಿಟ್ಟಿದ್ದ ಕಲ್ಲುಗಳಲ್ಲಿದ್ದ ಇಂಡೊಹಯಸ್ ಎಂಬ ಪುಟ್ಟ ಗೊರಸು ಪ್ರಾಣಿಯ ಕಿವಿಯ ಎಲುಬು, ತಿಮಿಂಗಿಲಗಳಲ್ಲಿ ಮಾತ್ರ ಇರುತ್ತದೆಂದುಕೊಂಡಿದ್ದ ರೀತಿಯಲ್ಲಿ ದಪ್ಪಗಿತ್ತು.

ಕೆನಡಾದ ಎಲ್ಸ್‌ಮಿಯರ್ ದ್ವೀಪದ್ದೂ ಇಂಥದೇ ಕತೆ. ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಜೀವಿ ಯಾವ ವಯಸ್ಸಿನ, ಯಾವ ಬಗೆಯ ಬಂಡೆಯಲ್ಲಿರಬೇಕು ಎಂದು ಮೊದಲೇ ಲೆಕ್ಕ ಹಾಕಿ ಹೊರಟ ನೀಲ್ ಶುಬಿನ್ ತಂಡಕ್ಕೆ 2004ರಲ್ಲಿ ಟಿಕ್ಟಾಲಿಕ್ ಎಂಬ ಅಂಥ ಜೀವಿಯ 37.5 ಕೋಟಿ ವರ್ಷ ಹಳೆಯ ಪಳೆಯುಳಿಕೆ ಅಲ್ಲೇ ಸಿಕ್ಕಿತು. ಜೀವಕೋಶದೊಳಗೂ ಇಂಥ ನಿರೀಕ್ಷೆಯೊಂದು ನಿಜವಾಯಿತು. ಚಿಂಪಾಂಜಿ, ಗೊರಿಲ್ಲಾಗಳಿಗೆ 24 ಜೊತೆ ವರ್ಣತಂತು, ಮನುಷ್ಯನಿಗೆ 23. ಮೂಲ ಒಂದೇ ಆಗಿದ್ದರೆ ಎರಡು ವರ್ಣತಂತುಗಳು ಎಲ್ಲೋ ಬೆಸೆದುಕೊಂಡಿರಬೇಕು. ಮನುಷ್ಯನ ಎರಡನೆಯ ವರ್ಣತಂತುವಿನ ನಡುವೆ ಆ ಬೆಸುಗೆಯ ಗುರುತು 1991ರಲ್ಲಿ ಪತ್ತೆಯಾಯಿತು.

ಒಳಗಿನ ಜಗಳಗಳು ನಿಂತಿವೆ ಎಂದೇನಲ್ಲ. ಆಯ್ಕೆಯ ಪಾತ್ರ ಎಷ್ಟು, ಕೇವಲ ಆಕಸ್ಮಿಕದ ಪಾತ್ರ ಎಷ್ಟು ಎಂಬ ವಾದವನ್ನು 1968ರಲ್ಲಿ ಜಪಾನಿನ ಮೊಟೊ ಕಿಮುರಾ ಎಬ್ಬಿಸಿದ. ವಿಕಾಸ ಸದಾ ಒಂದೇ ನಿಧಾನದಲ್ಲಿ ನಡೆಯುತ್ತದೆಯೇ ಎಂದು 1972ರಲ್ಲಿ ಪಳೆಯುಳಿಕೆ ತಜ್ಞರಾದ ಎಲ್ಡ್ರಿಜ್ ಮತ್ತು ಗೂಲ್ಡ್ ಕೇಳಿದರು. ಇವು ವಿಕಾಸ ಹೇಗೆ ನಡೆಯಿತು ಎಂಬುದರ ಜಗಳ, ನಡೆಯಿತೇ ಎಂಬುದರದಲ್ಲ. ಮೊದಲ ಜೀವ ಹೇಗೆ ಹುಟ್ಟಿತು ಎಂಬುದಂತೂ ಬೇರೆಯೇ ಪ್ರಶ್ನೆ.

ನ್ಯಾಯಾಲಯದ ಕೊನೆಯ ದೊಡ್ಡ ಅಂಕ ಪೆನ್ಸಿಲ್ವೇನಿಯಾದ ಡೋವರ್ ಊರಿನದು. ಜೀವವಿಕಾಸ ಒಂದು ಥಿಯರಿ ಅಷ್ಟೇ, ತಥ್ಯವಲ್ಲ, ‘ಜಾಣ ವಿನ್ಯಾಸ’ ಎಂಬ ಬೇರೊಂದು ವಿವರಣೆಯೂ ಇದೆ ಎಂಬ ಹೇಳಿಕೆಯನ್ನು ತರಗತಿಯಲ್ಲಿ ಓದಬೇಕೆಂದು 2004ರಲ್ಲಿ ಅಲ್ಲಿನ ಶಾಲಾ ಮಂಡಳಿ ನಿರ್ಧರಿಸಿತು. ವಿಜ್ಞಾನ ಶಿಕ್ಷಕರು ಓದಲು ಒಪ್ಪಲಿಲ್ಲ. ಆಡಳಿತಾಧಿಕಾರಿಗಳೇ ಬಂದು ಓದಿದರು. ಹನ್ನೊಂದು ಮಂದಿ ಪೋಷಕರು ದಾವೆ ಹೂಡಿದರು. ಜೀವಿಗಳಲ್ಲಿ ಬಿಡಿಬಿಡಿಯಾಗಿ ರೂಪುಗೊಳ್ಳಲಾರದ ವ್ಯವಸ್ಥೆಗಳಿವೆ, ಆದ್ದರಿಂದ ಯಾರೋ ವಿನ್ಯಾಸ ಮಾಡಿರಬೇಕು ಎಂಬುದು ಮಂಡಳಿಯ ಪರ ಸಾಕ್ಷಿ, ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ ಅವರ ವಾದ. ಡಾರ್ವಿನ್ 1859ರಲ್ಲಿ ತಾನೇ ಕೊಟ್ಟಿದ್ದ ಆಯುಧ ಅದು. ರೋಗನಿರೋಧಕ ವ್ಯವಸ್ಥೆಯ ವಿಕಾಸಕ್ಕೆ ವಿವರಣೆ ಇಲ್ಲ ಎಂದು ಬೀಹಿ ಬರೆದಿದ್ದರು. ಎದುರು ವಕೀಲರು ಅದೇ ವಿಷಯದ 58 ಸಂಶೋಧನ ಲೇಖನಗಳನ್ನೂ ಒಂಬತ್ತು ಪುಸ್ತಕಗಳನ್ನೂ ಅವರ ಮುಂದೆ ಪೇರಿಸಿದರು. ಇವು ಸಾಲವು ಎಂದರು ಬೀಹಿ. ವೈಜ್ಞಾನಿಕ ಸಿದ್ಧಾಂತಕ್ಕೆ ಅವರು ಕೊಡುವ ಸಡಿಲ ವ್ಯಾಖ್ಯೆಯೊಳಗೆ ಜ್ಯೋತಿಷ್ಯವೂ ಬರುತ್ತದಲ್ಲವೇ ಎಂದು ಕೇಳಿದಾಗ ಬರುತ್ತದೆಂದು ಒಪ್ಪಿದರು.

ಇನ್ನೂ ಹರಿತವಾದ ಸಾಕ್ಷ್ಯ ಒಂದು ಅಚ್ಚಿನ ತಪ್ಪು. ಮಂಡಳಿ ಮಕ್ಕಳಿಗೆ ಶಿಫಾರಸು ಮಾಡಿದ್ದ ಪುಸ್ತಕದ ಹಳೆಯ ಕರಡುಗಳನ್ನು ಬಾರ್ಬರಾ ಫಾರೆಸ್ಟ್ ಎಂಬ ತತ್ವಶಾಸ್ತ್ರದ ಅಧ್ಯಾಪಕಿ ಹೋಲಿಸಿ ನೋಡಿದ್ದರು. 1987ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರದ ಕರಡಿನಲ್ಲಿ ‘ಕ್ರಿಯೇಷನಿಸ್ಟ್ಸ್’ (ಸೃಷ್ಟಿವಾದಿಗಳು) ಎಂದಿದ್ದ ಕಡೆಗಳಲ್ಲೆಲ್ಲ ‘ಡಿಸೈನ್ ಪ್ರೊಪೊನೆಂಟ್ಸ್’ (ವಿನ್ಯಾಸದ ಪ್ರತಿಪಾದಕರು) ಎಂದು ತಿದ್ದಲಾಗಿತ್ತು. ಒಂದು ಕಡೆ ಮಾತ್ರ ತಿದ್ದಿದವನ ಕೈ ಜಾರಿ, ಹಳೆಯ ಪದದ ತಲೆಯೂ ಬಾಲವೂ ಹೊಸ ಪದದ ಎರಡು ಬದಿಗೆ ಅಂಟಿಕೊಂಡೇ ಉಳಿದಿದ್ದವು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪಿನಲ್ಲಿ ಜಾಣ ವಿನ್ಯಾಸ ವಿಜ್ಞಾನವಲ್ಲ, ವೇಷ ಬದಲಿಸಿದ ಸೃಷ್ಟಿವಾದ ಎಂದರು. ಅಷ್ಟು ಹೊತ್ತಿಗೆ ಊರಿನ ಮತದಾರರು ಆ ಮಂಡಳಿಯ ಸದಸ್ಯರನ್ನು ಚುನಾವಣೆಯಲ್ಲಿ ಸೋಲಿಸಿಯಾಗಿತ್ತು.

‘ಥಿಯರಿ ಅಷ್ಟೇ’ ಎಂಬ ಮಾತಿನಲ್ಲಿರುವ ಗೊಂದಲ ಸಣ್ಣದು, ಆಯುಷ್ಯ ಮಾತ್ರ ದೊಡ್ಡದು. ವಿಜ್ಞಾನದಲ್ಲಿ ಊಹೆ ಬಲಿತು ಸಿದ್ಧಾಂತವಾಗುತ್ತದೆ, ಸಿದ್ಧಾಂತ ಬಡ್ತಿ ಪಡೆದು ತಥ್ಯವಾಗುವುದಿಲ್ಲ. ತಥ್ಯಗಳನ್ನು ಒಂದು ಎಳೆಯಲ್ಲಿ ವಿವರಿಸುವುದೇ ಸಿದ್ಧಾಂತದ ಕೆಲಸ. ರೋಗಾಣುಗಳಿಂದ ರೋಗ ಬರುತ್ತದೆ ಎಂಬುದೂ ವಸ್ತು ಪರಮಾಣುಗಳಿಂದಾಗಿದೆ ಎಂಬುದೂ ಇದೇ ಅರ್ಥದ ಸಿದ್ಧಾಂತಗಳು.

ಭಾರತದಲ್ಲಿ ಈ ಪ್ರಶ್ನೆ ತಡವಾಗಿ, ಬೇರೆ ದಾರಿಯಲ್ಲಿ ಬಂತು. ಡಾರ್ವಿನ್ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಮಂಗ ಮನುಷ್ಯನಾದದ್ದನ್ನು ಯಾರೂ ನೋಡಿಲ್ಲ ಎಂದು 2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಹೇಳಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆ ಕೊಟ್ಟು ಅದನ್ನು ಅಲ್ಲಗಳೆದವು. 1934ರಲ್ಲಿ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಅವುಗಳಲ್ಲಿ ಒಂದು. 2023ರಲ್ಲಿ, ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುವ ಕಾರಣ ಕೊಟ್ಟು, ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ‘ಅನುವಂಶೀಯತೆ ಮತ್ತು ವಿಕಾಸ’ ಪಾಠದಿಂದ ವಿಕಾಸದ ಭಾಗವನ್ನು ಕೈಬಿಡಲಾಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ವಿರೋಧಿಸಿದರು. ಹನ್ನೆರಡನೆಯ ತರಗತಿಯ ಜೀವವಿಜ್ಞಾನ ಪುಸ್ತಕದಲ್ಲಿ ಪಾಠ ಉಳಿದಿದೆ. ಹತ್ತರ ನಂತರ ಜೀವವಿಜ್ಞಾನ ಆಯ್ದುಕೊಳ್ಳದ ಮಕ್ಕಳು ಆ ಪುಸ್ತಕವನ್ನು ತೆರೆಯುವುದಿಲ್ಲ, ಅಂಥವರೇ ಹೆಚ್ಚು.